ವೈರಿಗೂ ಎಚ್ಚರಿಕೆ: ಸತ್ಯಾಣುವ್ರತದ ಒಂದು ಪ್ರಶ್ನೆ

ನೇತ್ರಾವತಿಯು ಬೆಳ್ತಂಗಡಿಯ ಸೀಮೆಯನ್ನು ದಾಟಿ ಬಂಟ್ವಾಳಕ್ಕೆ ಇಳಿಯುತ್ತದೆ. 1923 ಮತ್ತು 1974ರ ನೆರೆಗಳನ್ನು ಬಂಟ್ವಾಳದ ಪೇಟೆ ಮರೆತಿಲ್ಲ. ಮೇಲಿನ ಊರಿನ ವರ್ತಕನೊಬ್ಬನು ನದಿಯು ಉಕ್ಕುವುದನ್ನು ಮೊದಲು ಕಂಡನೆಂದು ಇಟ್ಟುಕೊಳ್ಳಬಹುದು. ಕೆಳಗಿನ ಪೇಟೆಯಲ್ಲಿರುವವನು ಅವನೊಡನೆ ವ್ಯಾಜ್ಯ ಹೂಡಿದ ಪ್ರತಿಸ್ಪರ್ಧಿ. ಅವನಿಗೆ ಹೇಳಿಕಳುಹಿಸುವುದು ಧರ್ಮವೋ, ಸುಮ್ಮನಿರುವುದು ಜಾಣತನವೋ?

ಈ ಪ್ರಶ್ನೆ ರಾಷ್ಟ್ರಗಳಿಗೂ ಬರುತ್ತದೆ. 2016ರ ಜನವರಿಯಲ್ಲಿ ಪಠಾಣಕೋಟೆಯ ವಾಯುನೆಲೆಯ ಮೇಲೆ ದಾಳಿಯಾಯಿತು. ಎರಡೇ ತಿಂಗಳ ಬಳಿಕ, ಮಹಾಶಿವರಾತ್ರಿಯ ಮುನ್ನ, ಹತ್ತು ಮಂದಿ ಉಗ್ರರು ಗುಜರಾತನ್ನು ಪ್ರವೇಶಿಸಿರಬಹುದೆಂಬ ಸೂಚನೆ ಪಾಕಿಸ್ತಾನದ ಭದ್ರತಾ ಸಲಹೆಗಾರರಿಂದ ಭಾರತದ ಸಲಹೆಗಾರರಾದ ಅಜಿತ್ ಡೋವಲ್ ಅವರಿಗೆ ಬಂದಿತೆಂದು ಪತ್ರಿಕೆಗಳು ವರದಿ ಮಾಡಿದವು. ಭಾರತವು ಅದನ್ನು ತಳ್ಳಿಹಾಕದೆ ಕಾವಲನ್ನು ಬಿಗಿಗೊಳಿಸಿತು. 2024ರ ಮಾರ್ಚ್ 7ರಂದು ಮಾಸ್ಕೋದ ಅಮೆರಿಕನ್ ರಾಯಭಾರ ಕಚೇರಿಯು ಸಂಗೀತ ಸಭೆಗಳಿಗೆ ಅಪಾಯವಿದೆಯೆಂದು ಪ್ರಕಟಿಸಿತು. ಅಂತಹ ಮಾತುಗಳನ್ನು ರಷ್ಯದ ಅಧ್ಯಕ್ಷರು ಬೆದರಿಕೆಯೆಂದು ಜರೆದರು. ಮಾರ್ಚ್ 22ರಂದು ಕ್ರೋಕಸ್ ಸಭಾಂಗಣದಲ್ಲಿ 140ಕ್ಕೂ ಹೆಚ್ಚು ಜನ ಹತರಾದರು.

ಗುಟ್ಟನ್ನು ಹೊರಗೆಡಹುವುದು ದೋಷವಲ್ಲವೇ ಎಂದು ಶ್ರಾವಕನು ಕೇಳಬಹುದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ರಹೋಭ್ಯಾಖ್ಯಾನವನ್ನೂ ಸಾಕಾರಮಂತ್ರಭೇದವನ್ನೂ ಎಣಿಸಿದೆ. ಆದರೆ ಪರರ ಅಭಿಪ್ರಾಯವನ್ನು ಅರಿತು ಅಸೂಯೆ ಮೊದಲಾದವುಗಳಿಂದ ಬಯಲು ಮಾಡುವುದೇ ಎರಡನೆಯದರ ದೋಷವೆಂದು ವ್ಯಾಖ್ಯಾನಕಾರರು ತಿಳಿಸುತ್ತಾರೆ. ಪ್ರಾಣರಕ್ಷಣೆಗಾಗಿ ಆಡಿದ ಮಾತಿನಲ್ಲಿ ಅಸೂಯೆಗೆ ಎಡೆಯಿಲ್ಲ. ಗೃಹಸ್ಥನಿಗೆ ವಿರೋಧೀ ಹಿಂಸೆ ಅನಿವಾರ್ಯವಾಗಬಹುದು. ಆದರೆ ಸಭೆಯಲ್ಲಿ ಹಾಡು ಕೇಳುತ್ತ ಕುಳಿತವನು ಯೋಧನಲ್ಲ. ಅವನ ಸಾವು ವೈರಿಗೆ ನಷ್ಟವೆಂದು ಒಳಗೊಳಗೇ ಹಿಗ್ಗಿ ಮೌನವಾಗಿರುವುದು ಅನುಮೋದನೆಯೇ. ಕೃತ, ಕಾರಿತಗಳಂತೆ ಅನುಮೋದಿತವೂ ಕರ್ಮಬಂಧಕ್ಕೆ ಕಾರಣ.

ಸುದ್ದಿಯ ಮೂಲವನ್ನು ತಿಳಿಸಿದರೆ ತನ್ನವರ ಜೀವಕ್ಕೇ ಕುತ್ತು ಬರುವುದೆಂಬ ಆಕ್ಷೇಪ ನ್ಯಾಯವಾದುದು. ಅಪಾಯವನ್ನು ಹೇಳಿ ಮೂಲವನ್ನು ಮುಚ್ಚಿಡುವುದು ಅಸತ್ಯವಲ್ಲ, ಅದು ವಿವೇಕ. ಅಮೆರಿಕದ 2015ರ ನಿರ್ದೇಶನವೊಂದು ಸ್ವದೇಶೀಯ, ಪರದೇಶೀಯ ಎಂಬ ಭೇದವಿಲ್ಲದೆ ಎಚ್ಚರಿಸುವ ಕರ್ತವ್ಯವನ್ನು ವಿಧಿಸಿ, ಮೂಲಕ್ಕೆ ಕುತ್ತಾದರೆ ವಿನಾಯಿತಿಯನ್ನೂ ಇರಿಸಿದೆ.

ಪತ್ರಿಕೆ, ದೂರದರ್ಶನಗಳ ಹೊಣೆ ಇಲ್ಲಿ ಸೂಕ್ಷ್ಮವಾದುದು. ಶೋಧ ನಡೆಯುತ್ತಿರುವಾಗಲೇ ರಹಸ್ಯವನ್ನು ಸಾರಿದರೆ ಘಾತುಕನೂ ಎಚ್ಚರಗೊಳ್ಳುತ್ತಾನೆ. ದುರಂತದ ಬಳಿಕ "ನಾವು ಮೊದಲೇ ಹೇಳಿದ್ದೆವು" ಎಂಬ ಗೆಲುವಿನ ಧ್ವನಿ ಕೇಳಿಬಂದರೆ ಶೋಕದ ನಡುವೆ ಮಾನಕಷಾಯವು ತಲೆಯೆತ್ತುತ್ತದೆ. ಯಾರು ಹೇಳಿದರು ಎಂಬುದಕ್ಕಿಂತ ಕೇಳಿದವರು ಏನು ಮಾಡಿದರು ಎಂಬುದನ್ನು ಅರಸುವುದು ಲೋಕಹಿತ.

ವೇಣೂರಿನಲ್ಲಿ 2024ರ ಮಹಾಮಸ್ತಕಾಭಿಷೇಕಕ್ಕೆ ಜನಸಾಗರ ಸೇರಿತ್ತು. ಮೂಡುಬಿದಿರೆಯ ಬಸದಿಗಳಲ್ಲಿಯೂ ಉತ್ಸವಗಳು ನಡೆಯುತ್ತವೆ. ಇಂತಹ ಸಂದರ್ಭದಲ್ಲಿ ಆಡಳಿತ ಮಂಡಳಿಯೊಂದಕ್ಕೆ ಮನಸ್ತಾಪವಿರುವವನಿಂದಲೇ ಎಚ್ಚರಿಕೆ ಬರಬಹುದು. ಹೇಳಿದವನ ಮುಖವನ್ನು ನೋಡದೆ ಹೇಳಿದ ಮಾತನ್ನು ಪರೀಕ್ಷಿಸುವುದು ಅನೇಕಾಂತದ ದಾರಿ. ನೆರೆಯ ನೀರು ಯಾರ ಅಂಗಡಿಯೆಂದು ಕೇಳಿ ನುಗ್ಗುವುದಿಲ್ಲ, ಎಚ್ಚರಿಸುವವನೂ ಕೇಳಬೇಕಾಗಿಲ್ಲ.