ಪೆಟ್ಟು ಬಿತ್ತು ಅಂತ ಹೇಳೋರು ಯಾರು?

ಅಂಪೈರ್ ಇಲ್ಲ, ಕ್ಯಾಮೆರಾ ಇಲ್ಲ, ಸ್ಕೋರ್ ಬರೆಯೋರೂ ಇಲ್ಲ. ಇಬ್ಬರು ಫೋಮ್ ಕತ್ತಿ ಹಿಡಿದು ಹೊಡೆದಾಡ್ತಾರೆ. ಒಬ್ಬನ ಏಟು ಇನ್ನೊಬ್ಬನ ತೊಡೆಗೆ ಬೀಳುತ್ತೆ. ಬಿತ್ತೋ ಇಲ್ಲವೋ ಅಂತ ತೀರ್ಪು ಕೊಡಬೇಕಾದವನು ಏಟು ತಿಂದವನೇ. ಹೊಡೆದವನು ‘ಬಿತ್ತು ಬಿತ್ತು’ ಅಂತ ಕೂಗೋ ಹಾಗಿಲ್ಲ. ತಿಂದವನು ತಾನಾಗೇ ‘ಕಾಲು ಹೋಯ್ತು’ ಅಂತ ಹೇಳಿ ಮಂಡಿಯೂರಬೇಕು. ಎದೆಗೆ ಬಿದ್ದರೆ ‘ಸತ್ತೆ’ ಅಂತ ಹೇಳಿ ಆಚೆ ನಡೀಬೇಕು. ಸೋಲೋದರಲ್ಲಿ ನಷ್ಟ ಯಾರಿಗೋ, ಸೋತೆ ಅಂತ ಘೋಷಿಸುವ ಕೆಲಸವೂ ಅವನಿಗೇ.

ಇದು ಲಾರ್ಪ್ ಎಂಬ ಆಟದ ಒಂದು ಬಗೆ. ಲೈವ್ ಆಕ್ಷನ್ ರೋಲ್ ಪ್ಲೇಯಿಂಗ್ ಅನ್ನೋದರ ಮೊಟಕು. ವೇಷ ತೊಟ್ಟು, ಒಂದು ಪಾತ್ರವಾಗಿ, ಮೈದಾನದಲ್ಲೋ ಕಾಡಲ್ಲೋ ಆಡೋದು. ಅಮೆರಿಕದಲ್ಲಿ 1977ರಲ್ಲಿ ಡ್ಯಾಗೋರ್‌ಹಿರ್ ಅನ್ನೋ ಗುಂಪು ಶುರುವಾಯ್ತು. 1983ರಲ್ಲಿ ಟೆಕ್ಸಸ್‌ನ ಎಲ್ ಪಾಸೊದಲ್ಲಿ ಆಮ್ಟ್‌ಗಾರ್ಡ್. ಇವುಗಳಿಗಿಂತ ಹಿರಿಯದು 1966ರಲ್ಲಿ ಬರ್ಕ್ಲಿಯಲ್ಲಿ ಹುಟ್ಟಿದ ಎಸ್‌ಸಿಎ. ಅಲ್ಲಿ ಫೋಮ್ ಅಲ್ಲ, ಬೆತ್ತದ ಕತ್ತಿ, ನಿಜವಾದ ಕಬ್ಬಿಣದ ಕವಚ. ಆದರೆ ಅಲ್ಲೂ ತೀರ್ಪು ಏಟು ತಿಂದವನದೇ. ನಾನು ಈಗ ಇರೋದು ಡಲ್ಲಾಸ್ ಹತ್ತಿರ. ನನ್ನ ಟೀಮಿನ ಒಬ್ಬ ಶನಿವಾರ ಶನಿವಾರ ಪಾರ್ಕಿನಲ್ಲಿ ಆಡ್ತಾನೆ, ಅವನ ಜೊತೆ ಹೋದೆ. ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ “ಮೂವತ್ತೆರಡು ವರ್ಷಕ್ಕೆ ಕತ್ತಿವರಸೆ ಶುರು ಮಾಡಿದ್ಯೇನೋ, ಮೊದಲು ತಲೆ ಕೂದಲು ಕಟ್ ಮಾಡಿಸ್ಕೋ” ಅಂದಳು. ಅಷ್ಟೇ.

ಹೊಸಬನಿಗೆ ಮೊದಲ ಪ್ರಶ್ನೆ ದುಡ್ಡಿನದು. ರೆಡಿಮೇಡ್ ಕತ್ತಿ, ಚರ್ಮದ ಕವಚ ಅಂತ ಹೊರಟರೆ ತಿಂಗಳ ದಿನಸಿಯ ದುಡ್ಡು ಹೋಗುತ್ತೆ. ಹಾಗಾಗಿ ಬಹಳ ಜನ ತಾವೇ ಮಾಡಿಕೊಳ್ತಾರೆ. ಅರ್ಧ ಇಂಚಿನ ಪಿವಿಸಿ ಪೈಪು, ಅದರ ಮೇಲೆ ಮಕ್ಕಳು ಈಜುಕೊಳದಲ್ಲಿ ಹಿಡಕೊಂಡು ತೇಲ್ತಾರಲ್ಲ ಆ ಪೂಲ್ ನೂಡಲ್, ಒಂದು ರೋಲ್ ಟೇಪು, ಮೇಲಕ್ಕೆ ಹೊದಿಸಲು ಹಳೇ ಬಟ್ಟೆ. ಮಧ್ಯಾಹ್ನ ಊಟಕ್ಕೆ ಮುಂಚೆ ಕೂತರೆ ಸಂಜೆ ಕಾಫಿಯೊಳಗೆ ಕತ್ತಿ ರೆಡಿ. ನೋಡೋಕೆ ಕತ್ತಿ ಥರ ಇರಲ್ಲ, ಟೇಪು ಸುತ್ತಿದ ಸೌತೆಕಾಯಿ ಥರ ಇರುತ್ತೆ. ಇರಲಿ ಬಿಡಿ.

ಮಾಡ್ತಾ ಮಾಡ್ತಾ ನಂಗೆ ವಿಚಿತ್ರ ಅನ್ನಿಸಿದ್ದು ಬೇರೆ. ಈ ಕತ್ತಿಯಲ್ಲಿ ನನ್ನ ಕೈಗೆ ಬೇಕಾದ್ದು ಹಿಡಿಯ ನಾಲ್ಕು ಇಂಚು ಮಾತ್ರ. ಮಿಕ್ಕಿದ್ದೆಲ್ಲ ಎದುರಾಳಿಯ ಮೈಗೋಸ್ಕರ. ಪೈಪಿನ ತುದಿಗೆ ಮುಚ್ಚಳ ಹಾಕಬೇಕು, ಇಲ್ಲದಿದ್ದರೆ ಅದರ ಅಂಚು ಒಳಗಿಂದ ಫೋಮನ್ನು ಕೊರೆದು ಒಂದು ದಿನ ಹೊರಗೆ ಬರುತ್ತೆ. ಮುಚ್ಚಳದ ಮುಂದೆ ಇನ್ನೂ ಎರಡು ಇಂಚಾದರೂ ಬರೀ ಮೆತ್ತನೆ ಫೋಮ್ ಇರಬೇಕು. ತುದಿ ಕಣ್ಣಿನ ಗುಳಿಯೊಳಗೆ ಇಳಿಯದಷ್ಟು ದಪ್ಪ ಇರಬೇಕು. ಟೇಪು ಜಾಸ್ತಿ ಸುತ್ತಿದರೆ ಕತ್ತಿ ಬಾಳಿಕೆ ಬರುತ್ತೆ, ಆದರೆ ಚರ್ಮಕ್ಕೆ ಚಟೀರ್ ಅಂತ ಉರಿ ಹೊಡೆಯುತ್ತೆ. ಕಡಿಮೆ ಸುತ್ತಿದರೆ ಎದುರಾಳಿಗೆ ಸುಖ, ಕತ್ತಿಗೆ ಆಯುಸ್ಸಿಲ್ಲ. ಆಟಕ್ಕೆ ಮುಂಚೆ ಹಳಬರೊಬ್ಬರು ಪ್ರತಿ ಕತ್ತಿಯನ್ನೂ ಹಿಸುಕಿ, ಬಗ್ಗಿಸಿ, ತುದಿ ಒತ್ತಿ ನೋಡ್ತಾರೆ. ನಮ್ಮ ಪಾರ್ಕಿನವರು ಕೊನೆಗೆ ಕೇಳೋದು ಒಂದೇ ಮಾತು: “ಇದರಲ್ಲಿ ನಿನಗೇ ಹೊಡೆದರೆ ಪರವಾಗಿಲ್ವಾ?” ಸುಮ್ಮನೆ ಕೇಳಲ್ಲ, ಹೊಡೆದೂ ನೋಡ್ತಾರೆ.

ಶತ್ರು ಅಂತ ಕರೆಯೋ ಮನುಷ್ಯನ ತೊಡೆ, ಬೆನ್ನು, ಕಣ್ಣು ಇವನ್ನೇ ಯೋಚಿಸಿಕೊಂಡು ಒಂದು ಆಯುಧ ಮಾಡೋದು. ಜಗತ್ತಿನ ಬೇರೆ ಯಾವ ಆಯುಧದ ವಿನ್ಯಾಸವೂ ಹೀಗೆ ಇರಲಿಕ್ಕಿಲ್ಲ.

ಇನ್ನು ಕವಚ. ಜಿಮ್ಮಿನಲ್ಲೂ ಮಕ್ಕಳ ರೂಮಿನಲ್ಲೂ ಹಾಸ್ತಾರಲ್ಲ, ಒಂದಕ್ಕೊಂದು ಹಲ್ಲು ಕಚ್ಚಿ ಕೂರೋ ಮ್ಯಾಟು, ಅದೇ ಇವಿಎ ಫೋಮ್. ಎರಡಡಿ ಚದರದ್ದು, ಸುಮಾರು 12 ಮಿಲಿಮೀಟರ್ ದಪ್ಪ. ಹಳೇ ಟೀ ಶರ್ಟ್ ಹಾಕ್ಕೊಂಡು, ಮೈಸುತ್ತ ಅಡಿಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಟೇಪು ಅಂಟಿಸಿ, ಬೇರೆಯವರ ಕೈಲಿ ಗೆರೆ ಎಳೆಸಿ, ಕತ್ತರಿಸಿ ಬಿಚ್ಚಿದರೆ ನಿಮ್ಮದೇ ಅಳತೆಯ ನಮೂನೆ ಸಿಗುತ್ತೆ. ಟೈಲರ್‌ಗೆ ಕಾಸಿಲ್ಲ. (ಇದಕ್ಕೆ ಒಬ್ಬ ಸಹನೆಯುಳ್ಳ ಹೆಂಡತಿ ಬೇಕು. ನನ್ನವಳು ಗೆರೆ ಎಳೆಯೋಕೆ ಬಂದು ಹತ್ತು ನಿಮಿಷ ನಕ್ಕಳು.) ಮ್ಯಾಟಿನ ಮೇಲೆ ಬರೆದು ಕತ್ತರಿಸಿ, ಹೀಟ್ ಗನ್ನಿನಿಂದ ಕಾಯಿಸಿ, ಮಂಡಿ ಮೇಲೆ ಒತ್ತಿದರೆ ಬಾಗಿ ಹಾಗೇ ನಿಲ್ಲುತ್ತೆ. ಕಾಂಟ್ಯಾಕ್ಟ್ ಸಿಮೆಂಟನ್ನು ಎರಡೂ ಅಂಚಿಗೆ ಹಚ್ಚಿ, ಸ್ವಲ್ಪ ಒಣಗಲು ಬಿಟ್ಟು ಒತ್ತಬೇಕು. ಒಂದೇ ಚಾನ್ಸು, ಅಂಟಿದರೆ ಅಂಟಿತು. ಕಿಟಕಿ ತೆಗೆದಿಡಿ, ಆ ವಾಸನೆ ಒಳ್ಳೇದಲ್ಲ. ಕಪ್ಪು ಬಳಿದು, ಮೇಲೆ ಒಣಗಿದ ಬ್ರಷ್ಷಿನಲ್ಲಿ ಬೆಳ್ಳಿ ಬಣ್ಣ ಸವರಿದರೆ ಇಪ್ಪತ್ತಡಿ ದೂರಕ್ಕೆ ಕಬ್ಬಿಣ. ಯಕ್ಷಗಾನದ ಚೌಕಿ ನೋಡಿದವರಿಗೆ ಇದೇನು ಹೊಸದಲ್ಲ. ಹಗುರ ಮರದ ಮೇಲೆ ಬೇಗಡೆ ಅಂಟಿಸಿದ ಭುಜಕೀರ್ತಿ ದೀಪದ ಬೆಳಕಿಗೆ ಬಂಗಾರವೇ ಆಗ್ತದಲ್ಲ. ಯುರೋಪಿನ ಬಡ ಕಾಲಾಳುಗಳು ಹಾಕ್ತಿದ್ದ ಗ್ಯಾಂಬೆಸನ್ ಕೂಡ ಬಟ್ಟೆ ಮೇಲೆ ಬಟ್ಟೆ ಇಟ್ಟು ಹೊಲಿದದ್ದು, ಹೆಚ್ಚುಕಮ್ಮಿ ನಮ್ಮ ಕೌದಿ.

ಕವಚ ತಯಾರಾದ ಮೇಲೆ ನಿಜವಾದ ತಲೆನೋವು ಶುರು. ಯಾಕೆ ಅಂದ್ರೆ, 12 ಮಿಲಿಮೀಟರ್ ಫೋಮಿನ ಮೇಲೆ ಫೋಮ್ ಕತ್ತಿ ಬಿದ್ದರೆ ಗೊತ್ತೇ ಆಗಲ್ಲ! ಏಟು ತಿಂದವನೇ ತೀರ್ಪುಗಾರ ಆಗಿರೋ ಆಟದಲ್ಲಿ, ಏಟು ಗೊತ್ತಾಗದ ಹಾಗೆ ಮೈ ಮುಚ್ಚಿಕೊಂಡಿರೋನು ಪ್ರಾಮಾಣಿಕನೋ ಅಲ್ವೋ?

ಸುಲಭದ ಉತ್ತರ ಇದೆ. ಸುಳ್ಳು ಅಂದ್ರೆ ಗೊತ್ತಿದ್ದೂ ಬೇರೆ ಹೇಳೋದು. ನಂಗೆ ಗೊತ್ತೇ ಆಗಲಿಲ್ಲ, ಹಾಗಾಗಿ ಹೇಳಲಿಲ್ಲ. ಸುಳ್ಳೆಲ್ಲಿ ಬಂತು? ಆದರೆ ಈ ಉತ್ತರ ನಂಗೆ ಸಾಲಲ್ಲ. ಗೊತ್ತಾಗದಿರೋದು ಮಳೆ ಥರ ತಾನಾಗಿ ಬಂದದ್ದಲ್ಲ. ಅದನ್ನು ನಾನೇ ಕೂತು, ಅಳತೆ ತೆಗೆದು, ಅಂಟು ಹಾಕಿ ಮಾಡಿಕೊಂಡದ್ದು. ಎಸ್‌ಸಿಎ ಕಡೆಯವರು ಏಟು ಒಪ್ಪಿಕೊಳ್ಳದವನನ್ನು ‘ರೈನೋ’ ಅಂತ ಕರೀತಾರೆ, ಘೇಂಡಾಮೃಗ. ನಮ್ಮಲ್ಲಿ ಎಮ್ಮೆ ಚರ್ಮ ಅಂತೀವಿ. ಎರಡರಲ್ಲೂ ಒಂದು ಅನ್ಯಾಯ ಇದೆ. ಆ ಪಾಪದ ಪ್ರಾಣಿಗಳು ದಪ್ಪ ಚರ್ಮ ಕೇಳಿಕೊಂಡು ಹುಟ್ಟಿದ್ದಲ್ಲ. ನಾವು ಕೇಳಿ, ಕಾಸು ಕೊಟ್ಟು, ಹಾಕ್ಕೊಳ್ತೀವಿ. ಆಫೀಸಿನಲ್ಲಿ ನೋಡಿ, ‘ನನ್ನ ತನಕ ಬರಲೇ ಇಲ್ಲ’ ಅಂತ ಹೇಳೋ ಮ್ಯಾನೇಜರುಗಳಲ್ಲಿ ಬಹಳ ಜನ ಸುಳ್ಳುಗಾರರಲ್ಲ. ಬರದ ಹಾಗೆ ನಡುವೆ ನಾಲ್ಕು ಪದರ ಇಟ್ಕೊಂಡಿರ್ತಾರೆ. ಪದರ ಕಟ್ಟಿದ ದಿನದ ಲೆಕ್ಕ ಅವರದಲ್ವಾ?

ಹಾಗಾದ್ರೆ ತೀರ್ಪನ್ನು ಯಂತ್ರಕ್ಕೆ ಕೊಟ್ಟುಬಿಡೋಣ ಅನ್ನಬಹುದು. ಕತ್ತಿವರಸೆಯ ಕ್ರೀಡೆ ಫೆನ್ಸಿಂಗ್ ಅದನ್ನೇ ಮಾಡಿತು. ಅಲ್ಲಿ ಚುಚ್ಚಿಸಿಕೊಂಡವನು ‘ಟೂಶೆ’ ಅಂತ ತಾನೇ ಒಪ್ಪಿಕೊಳ್ಳೋ ಪದ್ಧತಿ ಇತ್ತು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಎಪೆ ಕತ್ತಿಗೆ ವಿದ್ಯುತ್ ತಂತಿ ಬಂತು, ತಾಗಿದರೆ ದೀಪ ಹತ್ತುತ್ತೆ. ಜಗಳ ಕಮ್ಮಿ ಆಯ್ತು, ಒಳ್ಳೇದೇ. ಕ್ರಿಕೆಟ್ಟಿನಲ್ಲೂ ಹಾಗೇ. 2003ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಅಂಪೈರ್ ಔಟ್ ಕೊಡದಿದ್ದರೂ ಗಿಲ್‌ಕ್ರಿಸ್ಟ್ ತಾನೇ ನಡೆದು ಹೋದ. ಅದಕ್ಕೂ ಮುಂಚೆ, 1980ರಲ್ಲಿ ಬಾಂಬೆಯ ಜುಬಿಲಿ ಟೆಸ್ಟಿನಲ್ಲಿ ನಮ್ಮ ಭದ್ರಾವತಿಯ ವಿಶ್ವನಾಥ್ ನಾಯಕರಾಗಿದ್ದಾಗ, ಅಂಪೈರ್ ಔಟ್ ಕೊಟ್ಟಿದ್ದ ಬಾಬ್ ಟೇಲರ್‌ನನ್ನು ವಾಪಸ್ ಕರೆದರು. ಆಗ ಇಂಗ್ಲೆಂಡಿನ ಐದು ವಿಕೆಟ್ ಬಿದ್ದಿತ್ತು. ಟೇಲರ್ ಮತ್ತು ಬಾಥಮ್ ಸೇರಿ 171 ರನ್ ಹೊಡೆದರು, ಭಾರತ 10 ವಿಕೆಟ್ಟಿಂದ ಸೋತಿತು. ಇವತ್ತು ಡಿಆರ್‌ಎಸ್ ಇದೆ. ಅದು ವಿಶ್ವನಾಥ್ ಅವರಿಗಿಂತ ಹೆಚ್ಚು ಸರಿಯಾಗಿ ತೀರ್ಪು ಕೊಡಬಹುದು. ಆದರೆ ಅವರು ಮಾಡಿದ ಕೆಲಸವನ್ನು ಯಾರೂ ಮಾಡಬೇಕಾದ ಅಗತ್ಯವನ್ನೇ ಅದು ತೆಗೆದುಹಾಕಿತು. ‘ರಿವ್ಯೂ ತಗೊಳ್ಳಿ’ ಅಂದರಾಯ್ತು.

ಫೋಮ್ ಕತ್ತಿಯ ಆಟಕ್ಕೆ ತಂತಿ ಹಾಕೋಕಾಗಲ್ಲ, ಅದು ಬೇರೆ ಮಾತು. ಆದರೆ ಅಲ್ಲಿ ಪ್ರಾಮಾಣಿಕತೆ ಬರೀ ಸಭ್ಯತೆಯ ವಿಷಯ ಅಲ್ಲ ಅನ್ನೋದು ನಂಗೆ ಹೊಳೆದದ್ದು ಒಂದು ಶನಿವಾರ. ಹತ್ತೊಂಬತ್ತರ ಒಬ್ಬ ಹುಡುಗ, ಮ್ಯಾಟಿನದೇ ದಪ್ಪ ಕವಚ, ನಾಲ್ಕು ಏಟು ಬಿದ್ದರೂ ಆಡ್ತಾನೇ ಇದ್ದ. ಎದುರಿಗಿದ್ದವನು ಏನೂ ಹೇಳಲಿಲ್ಲ, ಐದನೇ ಏಟು ಜೋರಾಗಿ ಹಾಕಿದ. ಹುಡುಗನೂ ಜೋರಾಗಿ ತಿರುಗಿಸಿ ಹಾಕಿದ. ಐದು ನಿಮಿಷದಲ್ಲಿ ಇಡೀ ಸಾಲು ಜೋರಾಗಿ ಹೊಡೀತಾ ಇತ್ತು, ಆ ಹುಡುಗನಿಗೂ ಸಂಬಂಧವಿಲ್ಲದ ಒಬ್ಬಳ ಬೆರಳು ಊದಿಕೊಂಡಿತು. ಅಂದ್ರೆ ಮೆತ್ತಗೆ ಹೊಡೆದರೂ ಒಪ್ಪಿಕೊಳ್ತಾರೆ ಅನ್ನೋ ನಂಬಿಕೆ ಇರೋ ತನಕ ಮಾತ್ರ ಜನ ಮೆತ್ತಗೆ ಹೊಡೀತಾರೆ. ಒಪ್ಪಿಕೊಳ್ಳೋದು ನಿಂತ ಕೂಡಲೇ ನೂಡಲ್ಲಿನ ಒಳಗಿರೋ ಪೈಪು ನೆನಪಾಗುತ್ತೆ. ಕತ್ತಿಯನ್ನು ಮೆತ್ತಗೆ ಇಟ್ಟಿರೋದು ಅರ್ಧ ಫೋಮ್, ಇನ್ನರ್ಧ ‘ಸತ್ತೆ’ ಅನ್ನೋ ಮಾತು.

ಡಚ್ ಇತಿಹಾಸಕಾರ ಹೊಯ್ಸಿಂಗಾ 1938ರಲ್ಲಿ ಆಟದ ಬಗ್ಗೆ ಒಂದು ಪುಸ್ತಕ ಬರೆದ. ಮೋಸ ಮಾಡೋನಿಗಿಂತ ಆಟ ಕೆಡಿಸೋನು ಹೆಚ್ಚು ಅಪಾಯಕಾರಿ ಅಂತ ಅವನ ವಾದ. ಮೋಸಗಾರ ಆಟವನ್ನು ನಂಬಿದ ಹಾಗೆ ನಟಿಸ್ತಾನಾದರೂ, ಕೆಡಿಸೋನು ಆಟದ ಲೋಕವನ್ನೇ ಒಡೀತಾನೆ ಅಂತ. ಪುಸ್ತಕ ಚೆನ್ನಾಗಿದೆ, ಆದರೆ ಈ ಮೈದಾನದ ಮಟ್ಟಿಗೆ ಒಪ್ಪೋಕೆ ಕಷ್ಟ. ‘ಇದೆಲ್ಲ ಹುಚ್ಚಾಟ’ ಅಂತ ನಕ್ಕು ಹೋಗೋನಿಂದ ಇಲ್ಲಿ ಯಾರಿಗೂ ಏನೂ ಆಗಲ್ಲ, ಇನ್ನೊಂದು ಕಪ್ ನಿಂಬೆಹಣ್ಣಿನ ಜ್ಯೂಸು ಉಳಿಯುತ್ತೆ. ನಟಿಸ್ತಾ ಒಳಗೇ ಉಳಿದವನಿಂದಲೇ ಬೆರಳು ಊದಿದ್ದು.

ಆ ಹುಡುಗನಿಗೆ ಏನು ಹೇಳಬೇಕು? ನೀನು ಸುಳ್ಳು ಹೇಳ್ತಿದೀಯ ಅನ್ನೋಕಾಗಲ್ಲ. ನಿಯಮವೂ ಬಿಡಲ್ಲ, ಅದು ನಿಜವೂ ಅಲ್ಲದಿರಬಹುದು. ನೀನು ಪ್ರಾಮಾಣಿಕ ಅನ್ನೋಕೂ ಬಾಯಿ ಬರಲ್ಲ. ನಮ್ಮಲ್ಲಿ ಹಿರಿಯಳೊಬ್ಬಳು, ಅರವತ್ತರ ಹತ್ತಿರ ಇರಬೇಕು, ಬಿಡುವಿನಲ್ಲಿ ಅವನ ಪಕ್ಕ ಕೂತಳು. ಬೈಯಲಿಲ್ಲ. ಕಣ್ಣು ಮುಚ್ಚಿಕೋ ಅಂದಳು. ಕವಚದ ಮೇಲೆ ಕತ್ತಿಯಿಂದ ಮೆಲ್ಲಗೆ ತಟ್ಟುತ್ತಾ, ಪ್ರತಿ ಸಲ ‘ಬಿತ್ತಾ?’ ಅಂತ ಕೇಳಿದಳು. ಮೊದಲ ಹತ್ತರಲ್ಲಿ ಅವನಿಗೆ ಸಿಕ್ಕಿದ್ದು ಮೂರೋ ನಾಲ್ಕೋ. ಆಮೇಲೆ ಸದ್ದು ಕೇಳೋದು ಹೇಗೆ ಅಂತ ತೋರಿಸಿದಳು, ಫೋಮಿನ ಮೇಲೆ ಫೋಮ್ ಬಿದ್ದಾಗ ಬರೋ ‘ಧಪ್’ ಬೇರೆ, ಕತ್ತಿಗೆ ಕತ್ತಿ ತಾಗೋದು ಬೇರೆ. ಎದುರಾಳಿಯ ಮುಖ ನೋಡು ಅಂದಳು, ಏಟು ಸರಿಯಾಗಿ ಬಿದ್ದಾಗ ಅವನ ಕೈ ಅರೆಕ್ಷಣ ನಿಲ್ಲುತ್ತೆ. ಅನುಮಾನ ಬಂದರೆ ಅವನನ್ನೇ ಕೇಳು ಅಂದಳು. ಆ ಪ್ರಶ್ನೆ ಕೇಳೋಕೆ ಮಾತ್ರ ಯಾವ ನಿಯಮದ ಅಡ್ಡಿಯೂ ಇಲ್ಲ.

ಪ್ರಾಮಾಣಿಕತೆಯನ್ನು ನಾನು ಯಾವಾಗಲೂ ಬಾಯಿಗೆ ಸಂಬಂಧಿಸಿದ್ದು ಅಂದ್ಕೊಂಡಿದ್ದೆ. ಕಿವಿಗೂ ಇರಬಹುದು ಅಂತ ಅವತ್ತು ಅನ್ನಿಸಿತು. ಇದು ಒಪ್ಪದವರೂ ಇದಾರೆ. ನನ್ನನ್ನು ಕರಕೊಂಡು ಹೋದ ಸಹೋದ್ಯೋಗಿಯೇ ವಾದ ಮಾಡ್ತಾನೆ, ಕವಚ ಇರೋದೇ ಏಟು ತಾಗದಿರಲಿ ಅಂತ, ಗೊತ್ತಾಗೋ ಹಾಗೆ ಕವಚ ಮಾಡು ಅನ್ನೋದು ನೆನೆಯೋ ಹಾಗೆ ಕೊಡೆ ಮಾಡು ಅಂದ ಹಾಗೆ. ಮಾತು ಚುರುಕಾಗಿದೆ. ಆದರೆ ಫೋಮ್ ಕವಚ ರಕ್ಷಣೆಗೆ ಅಲ್ಲ ಅನ್ನೋದು ಅವನಿಗೂ ಗೊತ್ತು, ರಕ್ಷಣೆ ಎದುರಾಳಿಯ ಕತ್ತಿಯಲ್ಲೇ ಇದೆ. ಕವಚ ಇರೋದು ವೇಷಕ್ಕೆ.

ನನ್ನ ಎರಡನೇ ಕವಚ ಈಗ ಅರ್ಧ ಆಗಿದೆ. ಎದೆಗೆ, ಬೆನ್ನಿಗೆ 6 ಮಿಲಿಮೀಟರ್ ಫೋಮ್. ಪಕ್ಕೆಲುಬಿನ ಕಡೆ ಏನೂ ಇಲ್ಲ, ಬರೀ ಬಟ್ಟೆ ಮತ್ತು ಹಳೇ ಬೆಲ್ಟು. ಭುಜದ ಮೇಲೆ ಮಾತ್ರ ದಪ್ಪದ್ದೇ ಇಟ್ಟಿದೀನಿ, ಯಾಕೆ ಅಂದ್ರೆ ಅದು ಚೆಂದ ಕಾಣುತ್ತೆ. ಅದರ ಮೇಲೆ ಬಿದ್ದದ್ದು ಗೊತ್ತಾಗುತ್ತಾ ಅಂತ ಹೆಂಡತಿ ಕೈಲಿ ದಿನಾ ಸಂಜೆ ಹೊಡೆಸಿಕೊಂಡು ನೋಡ್ತಾ ಇದೀನಿ. ಅವಳು ಬಹಳ ಉತ್ಸಾಹದಿಂದ ಸಹಕರಿಸ್ತಿದಾಳೆ.