ನೆಲ ಡೊಂಕೋ, ಕೋಲು ಡೊಂಕೋ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೆಪ ಹೇಳುವವರ ಬಾಯಿ ಮುಚ್ಚಿಸಲು ಈ ಗಾದೆ ಸಾಕು. ಆದರೆ ನೆಲ ನಿಜಕ್ಕೂ ಡೊಂಕಾಗಿದ್ದರೆ? ಅಳೆದು ನೋಡಿದವರು ಯಾರು? ಗಾಲ್ಫ್ ಆಟದಲ್ಲಿ ಈ ಪ್ರಶ್ನೆ ಒಂದು ಸಣ್ಣ ಕೋನದಲ್ಲಿ ಅಡಗಿದೆ.

ಐರನ್ ಕೋಲಿನ ತಲೆ ನೆಲದ ಮೇಲೆ ಸಮನಾಗಿ ಕುಳಿತಾಗ ಅದರ ದಂಡ ನೆಲದೊಡನೆ ಮಾಡುವ ಕೋನವೇ ‘ಲೈ ಆಂಗಲ್’. 7ನೇ ನಂಬರಿನ ಐರನ್‌ನಲ್ಲಿ ಅದು ಸುಮಾರು 62 ಡಿಗ್ರಿ. ಆಟಗಾರನ ಎತ್ತರ, ಕೈಯುದ್ದ, ಬೀಸುವ ರೀತಿಗೆ ಇದು ಹೊಂದದಿದ್ದರೆ, ಚೆಂಡಿಗೆ ತಾಗುವಾಗ ತಲೆಯ ಹೊರತುದಿ ಮೇಲೇಳುತ್ತದೆ, ಇಲ್ಲವೇ ಕೆಳಗಿಳಿಯುತ್ತದೆ. ಬಲಗೈ ಆಟಗಾರನ ಚೆಂಡು ತುದಿ ಎದ್ದರೆ ಎಡಕ್ಕೆ, ಇಳಿದರೆ ಬಲಕ್ಕೆ ವಾಲುತ್ತದೆ. ಬೀಸಿದ್ದು ಸರಿಯಾಗಿದ್ದರೂ ಅಷ್ಟೇ.

ಆಗ ಅವನು ತನ್ನನ್ನೇ ತಿದ್ದಿಕೊಳ್ಳತೊಡಗುತ್ತಾನೆ. ಬೆನ್ನು ಇನ್ನಷ್ಟು ಬಾಗಿಸುತ್ತಾನೆ, ಕೈ ಎತ್ತುತ್ತಾನೆ, ಗುರಿಯಿಂದ ಆಚೆಗೆ ಗುರಿಯಿಡುತ್ತಾನೆ. ಚೆಂಡು ನೇರ ಹೋದ ದಿನ ಎಲ್ಲರೂ ಮೆಚ್ಚುತ್ತಾರೆ. ಕೋಲಿನ ಡೊಂಕು ಮೈಗೆ ಇಳಿದದ್ದು ಯಾರಿಗೂ ಕಾಣುವುದಿಲ್ಲ. ಬಲಗೈಯವರಿಗೆಂದು ಹಲಗೆ ಜೋಡಿಸಿದ ಕುರ್ಚಿಯಲ್ಲಿ ಮೈ ತಿರುಚಿ ಬರೆಯುವ ಎಡಗೈ ವಿದ್ಯಾರ್ಥಿಯ ಅಕ್ಷರಕ್ಕೂ ಹೀಗೇ ಅಂಕ ಬೀಳುತ್ತದೆ. ಕುರ್ಚಿಗೆ ಅಂಕ ಕೊಡುವವರಿಲ್ಲ.

ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಎಂಜಿನಿಯರ್ ಆಗಿದ್ದ ಕಾರ್ಸ್ಟನ್ ಸೋಲ್ಹೈಮ್ ಕಟ್ಟಿದ ಪಿಂಗ್ ಕಂಪನಿ ತನ್ನ ಐರನ್‌ಗಳಿಗೆ ಬಣ್ಣದ ಚುಕ್ಕೆ ಇಟ್ಟಿತು. ಕಪ್ಪು ಚುಕ್ಕೆ ಸಾಧಾರಣ ಅಳತೆ. ಉಳಿದ ಬಣ್ಣಗಳು ಅದಕ್ಕಿಂತ ನೆಟ್ಟಗಿನವು ಅಥವಾ ಬಾಗಿದವು. ಸರಾಸರಿ ಮನುಷ್ಯ ಲೆಕ್ಕದಲ್ಲಿರುತ್ತಾನೆ, ಮೈದಾನದಲ್ಲಿ ಅಲ್ಲ ಎಂಬ ತಿಳಿವಳಿಕೆ ಆ ಚುಕ್ಕೆಗಳಲ್ಲಿದೆ.

ಹಾಗೆಂದು ತಪ್ಪನ್ನೆಲ್ಲ ಕೋಲಿನ ಮೇಲೆ ಹಾಕಲಾಗದು. ಕೆಟ್ಟ ಬೀಸಿಗೆ ತಕ್ಕಂತೆ ಕೋಲನ್ನು ಬಗ್ಗಿಸಿದರೆ ಕೆಟ್ಟದ್ದೇ ಕಾಯಂ ಆಗುತ್ತದೆ. ಅದಕ್ಕೇ ಪರೀಕ್ಷೆ ಬೇಕು. ಕೋಲಿನ ಅಡಿಗೆ ಟೇಪ್ ಅಂಟಿಸಿ ಗಟ್ಟಿ ಹಲಗೆಯ ಮೇಲಿಂದ ಹತ್ತಾರು ಸಲ ಹೊಡೆಯುತ್ತಾರೆ. ಟೇಪಿನ ಮೇಲೆ ಗುರುತು ಪ್ರತಿ ಸಲವೂ ಒಂದೇ ಬದಿಗೆ ಬಿದ್ದರೆ ಕೋಲನ್ನು ಅನುಮಾನಿಸಬೇಕು. ಅತ್ತಿತ್ತ ಚೆದುರಿದರೆ ಬೀಸನ್ನು. ನ್ಯಾಯ ಹೇಳುವವರಿಗೂ ಇದೇ ತಾಳ್ಮೆ ಬೇಕಲ್ಲವೇ?

ಆಟದ ನಿಯಮ ಇನ್ನೊಂದು ಮಾತು ಸೇರಿಸುತ್ತದೆ. ಸುತ್ತು ಶುರುವಾದ ಮೇಲೆ ಕೋಲಿನ ಗುಣವನ್ನು ಬೇಕೆಂದೇ ಬದಲಿಸಿ ಅದರಿಂದ ಹೊಡೆಯುವಂತಿಲ್ಲ. ಕೋಲನ್ನು ಅನುಮಾನಿಸುವ ಕಾಲ ಸುತ್ತಿಗೆ ಮುಂಚಿನದು. ಆಮೇಲೆ ಹೊಡೆತದ ಹೊಣೆ ಹೊಡೆದವನದೇ. ಆದರೆ ಮೊದಲು ಅಳೆಯುವ ಅವಕಾಶವನ್ನೇ ಕೊಡದೆ ಹೊಣೆಯನ್ನು ಮಾತ್ರ ಹೊರಿಸಿದರೆ, ಗಾದೆ ಹೇಳುವವರ ನಾಲಿಗೆಯೇ ಡೊಂಕು.