ತಿಳಿಯಾಗುವ ಕಾಲ

ಶರತ್ಕಾಲವೆಂದರೆ ಮೌನ, ಏಕಾಂತ, ಆತ್ಮಾವಲೋಕನ ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತದೆ. ಅದರ ಹಿಂದಿರುವ ಚಿತ್ರ ಮಾತ್ರ ಚಳಿ ದೇಶಗಳದು: ಎಲೆ ಉದುರುತ್ತದೆ, ಹೊಲ ಬರಿದಾಗುತ್ತದೆ, ಮನುಷ್ಯ ಬಾಗಿಲು ಮುಚ್ಚಿ ಒಳಗೆ ಕೂರುತ್ತಾನೆ. ಸೂಡಿ, ರೋಣ, ಗಜೇಂದ್ರಗಡ, ನರಗುಂದದ ಎರೆಸೀಮೆಗೆ ಈ ಚಿತ್ರ ಒಗ್ಗುವುದಿಲ್ಲ. ಇಲ್ಲಿ ಎಲೆ ಉದುರುವುದು ಶಿಶಿರದಲ್ಲಿ. ಶರದೃತುವಿನ ಆಶ್ವೀಜ, ಕಾರ್ತಿಕಗಳು ವರ್ಷದ ಅತಿ ಗಡಿಬಿಡಿಯ ದಿನಗಳು. ಉತ್ತರಿ, ಹಸ್ತ ಮಳೆಗಳನ್ನು ನಂಬಿ ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬೆ ಬಿತ್ತಬೇಕು. ಇನ್ನೊಂದು ಕಡೆ ಮುಂಗಾರಿ ಶೇಂಗಾ ಕೀಳಬೇಕು. ನಡುವೆ ಮಹಾನವಮಿ, ದೀಪಾವಳಿ. ಹೀಗಿರುವಾಗ ಈ ಋತುವಿಗೂ ನಿಶ್ಚಲತೆಗೂ ಏನು ಸಂಬಂಧ? ಸಂಬಂಧವಿದೆ. ಆದರೆ ಅದನ್ನು ಕಾಣಬೇಕಾದರೆ ನಿಶ್ಚಲತೆ ಎಂದರೆ ಕೆಲಸ ನಿಲ್ಲಿಸುವುದು ಎಂಬ ಎಣಿಕೆಯನ್ನು ಮೊದಲು ಬಿಡಬೇಕು.

ನಮ್ಮ ಪರಂಪರೆ ಶರತ್ತನ್ನು ಗುರುತಿಸಿದ್ದು ಎಲೆಯಿಂದಲ್ಲ, ನೀರಿನಿಂದ. ಮಳೆಗಾಲದಲ್ಲಿ ಕದಡಿದ ಕೆರೆ ಹೊಂಡಗಳು ಈಗ ತಿಳಿಯಾಗುತ್ತವೆ. ಹಗಲು ಬಿಸಿಲಿಗೆ ಕಾದು, ಇರುಳು ತಿಂಗಳ ಬೆಳಕಿಗೆ ತಣಿದು, ಅಗಸ್ತ್ಯ ನಕ್ಷತ್ರದ ಉದಯದಿಂದ ದೋಷ ಕಳೆದುಕೊಂಡ ಈ ಕಾಲದ ನೀರನ್ನು ಚರಕಸಂಹಿತೆ ಹಂಸೋದಕ ಎನ್ನುತ್ತದೆ. ವಿಚಿತ್ರವೆಂದರೆ ಅದೇ ಗ್ರಂಥದ ಪ್ರಕಾರ ಮಳೆಗಾಲದಲ್ಲಿ ದೇಹದೊಳಗೆ ಕೂಡಿಕೊಂಡ ಪಿತ್ತ ಕೆರಳುವುದೂ ಶರತ್ತಿನಲ್ಲೇ. ಹೊರಗೆ ನೀರು ತಿಳಿಯಾಗುವ ಹೊತ್ತಿಗೆ ಒಳಗೆ ಕೂಡಿಟ್ಟದ್ದು ಮೇಲೇಳುತ್ತದೆ; ಅದನ್ನು ಹೊರಹಾಕುವುದೇ ಚಿಕಿತ್ಸೆ. ಅಂದರೆ ಶಾಂತಿ ತಾನಾಗಿ ಬರುವ ಋತು ಇದಲ್ಲ. ಯೋಗಶಾಸ್ತ್ರ ಈ ತಿಳಿಯಾಗುವಿಕೆಗೆ ಹೊಂದುವ ಪರಿಕಲ್ಪನೆಯೊಂದನ್ನು ಕೊಡುತ್ತದೆ: ಚಿತ್ತಪ್ರಸಾದನ, ಚಿತ್ತವನ್ನು ತಿಳಿಗೊಳಿಸುವುದು. ಶಂಕರರ ಹೆಸರಿನಲ್ಲಿರುವ ಆತ್ಮಬೋಧವೂ ನೀರಿನ ಉದಾಹರಣೆಯನ್ನೇ ಹಿಡಿಯುತ್ತದೆ: ಕತಕ, ಅಂದರೆ ಚಿಲ್ಲದ ಬೀಜದ ಪುಡಿ ರಾಡಿಯನ್ನು ತಳಕ್ಕಿಳಿಸಿ ತಾನೂ ತಳಸೇರಿ ಮರೆಯಾಗುವಂತೆ, ಜ್ಞಾನ ಅಜ್ಞಾನವನ್ನು ಕಳೆದು ತಾನೂ ಇಲ್ಲವಾಗುತ್ತದೆ. ಸೂಡಿಯಲ್ಲಿ ನಾಗಕುಂಡ ಎಂಬ ಮೆಟ್ಟಿಲುಗಳ ಕೊಳವಿದೆ, ಕಲ್ಯಾಣ ಚಾಲುಕ್ಯರ ಕಾಲದ್ದು. ಅದರ ಮೆಟ್ಟಿಲಿಳಿದು ನೀರು ತಂದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ: ಕದಡಿದ ನೀರನ್ನು ಕೈಯಾಡಿಸಿ ತಿಳಿಮಾಡಲು ಬರುವುದಿಲ್ಲ.

ದುಡಿಯುವವನಿಗೆ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂಬುದು ಮೊದಲ ಆಕ್ಷೇಪ. ಪುರುಸೊತ್ತನ್ನು ಎರೆಭೂಮಿಯೇ ಕೊಡುತ್ತದೆ, ಬೇಡವೆಂದರೂ. ಮಳೆ ನಿಂತ ಮರುದಿನ ಆ ಹೊಲದಲ್ಲಿ ಕಾಲಿಡಲಾಗದು. ಹದ ಬರುವತನಕ ಕಾಯಲೇಬೇಕು. ಅವಸರಪಟ್ಟರೆ ಮಣ್ಣು ಹೆಂಟೆಗಟ್ಟುತ್ತದೆ, ತಡಮಾಡಿದರೆ ಹಸಿ ಆರುತ್ತದೆ. ಆ ಕೆಲವು ದಿನಗಳಲ್ಲಿ ರೈತ ಸುಮ್ಮನಿರುವುದಿಲ್ಲ: ಹೋದ ವರ್ಷ ಏನು ತಪ್ಪಿತು, ಈ ಸಲ ಯಾವ ಹೊಲಕ್ಕೆ ಯಾವ ಬೀಜ, ಸಾಲ ಎಷ್ಟು ಎಂದು ಲೆಕ್ಕ ಹಾಕುತ್ತಾನೆ. ಕೆಲಸದ ನಡುವೆಯೇ ಇರುವ, ಕೆಲಸಕ್ಕಾಗಿಯೇ ಇರುವ ಈ ತಡೆಯನ್ನು ನಾನು ನಿಶ್ಚಲತೆ ಎನ್ನುತ್ತೇನೆ. ಆದರೆ ಇದನ್ನು ಹಿಗ್ಗಿಸಿ ಹೇಳಬಾರದು. ಹಿಂಗಾರಿ ಮಳೆ ಕೈಕೊಟ್ಟ ವರ್ಷ ಮೋಡ ನೋಡುತ್ತ ಕೂತವನ ಕಾಯುವಿಕೆಗೆ ಧ್ಯಾನವೆಂದು ಹೆಸರಿಡುವುದು ಕ್ರೌರ್ಯ. ಮುಂದೊಂದು ಕೆಲಸ ಕಾದಿದೆ ಎಂಬ ನಂಬಿಕೆ ಇದ್ದಾಗ ಮಾತ್ರ ಕಾಯುವಿಕೆ ಮನಸ್ಸನ್ನು ತಿಳಿಯಾಗಿಸುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ತನ್ನನ್ನು ತಾನೇ ನೋಡಿಕೊಳ್ಳುತ್ತ ಕೂತವನು ಕೊನೆಗೆ ತನ್ನಲ್ಲೇ ಸಿಕ್ಕಿಬೀಳುತ್ತಾನಲ್ಲವೇ? ಈ ಅಪಾಯ ಹಳಬರಿಗೆ ಗೊತ್ತಿತ್ತು. ಮಳೆಗಾಲದಲ್ಲಿ ಜೈನ, ಬೌದ್ಧ ಯತಿಗಳು ತಿರುಗಾಟ ಬಿಟ್ಟು ಒಂದೆಡೆ ನೆಲೆಸುತ್ತಿದ್ದರು. ಕೆಸರಿನ ದಾರಿಯಲ್ಲಿ ಹುಳುಹುಪ್ಪಟೆ ತುಳಿಯಬಾರದೆಂಬುದು ಅದರ ಕಾರಣಗಳಲ್ಲೊಂದು. ಬೌದ್ಧರ ವರ್ಷಾವಾಸ ಮುಗಿಯುವ ದಿನ ಪವಾರಣಾ. ಅಂದು ಪ್ರತಿ ಭಿಕ್ಷುವೂ, ನನ್ನಲ್ಲಿ ಕಂಡ, ಕೇಳಿದ, ಶಂಕಿಸಿದ ತಪ್ಪುಗಳನ್ನು ಹೇಳಿರಿ ಎಂದು ಉಳಿದವರನ್ನು ಬೇಡಿಕೊಳ್ಳುತ್ತಾನೆ. ತಿಂಗಳುಗಟ್ಟಲೆ ಒಂದೆಡೆ ನೆಲೆಸಿದ್ದುದರ ಕೊನೆಗೆ ಬರುವುದು ಇನ್ನೊಬ್ಬರ ಮಾತು. ಯೋಗಶಾಸ್ತ್ರದಲ್ಲೂ ಹಾಗೆಯೇ: ಪತಂಜಲಿ ಚಿತ್ತಪ್ರಸಾದನಕ್ಕೆ ಹೇಳಿದ ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಎಂಬ ನಾಲ್ಕೂ ಉಳಿದವರ ಕಡೆಗಿನ ಭಾವಗಳೇ. ಪವಾರಣಾ ಸಾಮಾನ್ಯವಾಗಿ ಬೀಳುವ ಆಶ್ವೀಜ ಹುಣ್ಣಿಮೆಯೇ ಈ ಸೀಮೆಯ ಸೀಗಿ ಹುಣ್ಣಿಮೆ. ಅಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬೆಳೆಗೆ ಪೂಜೆ ಮಾಡಿ, ನೈವೇದ್ಯದ ಅಡಿಗೆಯನ್ನು ಚರಗವಾಗಿ ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತಾರೆ. ಎರಡಕ್ಕೂ ನಂಟಿದೆ ಎನ್ನುವುದಿಲ್ಲ. ಆದರೆ ಎರಡೂ ಒಬ್ಬಂಟಿಯ ಆಚರಣೆಗಳಲ್ಲ.

ಶರಣರು ಹುಟ್ಟಿದ ನಾಡಿನಲ್ಲಿ ಮೂರನೆಯ ಪ್ರಶ್ನೆ ಏಳಲೇಬೇಕು: ಶುಭಕಾಲ, ಅಶುಭಕಾಲ ಎಂಬ ಭೇದವನ್ನೇ ಅವರು ತಳ್ಳಿಹಾಕಿರುವಾಗ ಆತ್ಮಾವಲೋಕನಕ್ಕೊಂದು ಋತುವೇಕೆ? ಆಕ್ಷೇಪ ಸರಿಯಾಗಿದೆ. ಶರತ್ತಿಗೆ ಯಾವ ಪಾವಿತ್ರ್ಯವೂ ಇಲ್ಲ. ಆದರೆ ಯಾವಾಗ ಬೇಕಾದರೂ ಮಾಡಬಹುದಾದದ್ದನ್ನು ನಾವು ಯಾವಾಗಲೂ ಮಾಡುವುದಿಲ್ಲ. ದಿನ ಗೊತ್ತುಮಾಡುವುದರ ಉಪಯೋಗ ಅಷ್ಟೇ. ಈ ವರ್ಷದ ಸೀಗಿ ಹುಣ್ಣಿಮೆಗೆ ಹೊಲಕ್ಕೆ ಹೋಗುವವರು ಊಟವಾದ ಮೇಲೆ ಜೊತೆಯಲ್ಲಿ ಕೂತವರನ್ನು, ನನ್ನಲ್ಲಿ ಏನು ತಪ್ಪು ಕಂಡಿರಿ ಎಂದು ಒಮ್ಮೆ ಕೇಳಿ ನೋಡಲಿ. ಉತ್ತರ ಮುಗಿಯುವವರೆಗೆ ಎದುರಾಡದೆ ಕೇಳಿಸಿಕೊಳ್ಳಲಿ.